ಮಾನ್ಯತೆ ಸಿಕ್ಕಿತು, ಸ್ವಾಧೀನ ಯಾರದು?

ಮಾನ್ಯ ಸಂಪಾದಕರೇ,

ಪ್ಯಾಲೆಸ್ಟೀನ್ ಒಂದು ರಾಷ್ಟ್ರವೆಂದು ಬ್ರಿಟನ್ 2025ರ ಸೆಪ್ಟೆಂಬರ್ 21ರಂದು ಒಪ್ಪಿಕೊಂಡಿತು. ಅದೇ ದಿನ ಕೆನಡಾ, ಆಸ್ಟ್ರೇಲಿಯಾ, ಪೋರ್ಚುಗಲ್, ಮರುದಿನ ಫ್ರಾನ್ಸ್ ಕೂಡ ಒಪ್ಪಿಕೊಂಡವು. ಅಂದಿನಿಂದ ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಓದುಗರ ಪತ್ರಗಳನ್ನು ಬಿಡದೆ ಓದುತ್ತಿದ್ದೇನೆ. ಹೆಚ್ಚಿನವು ಎರಡೇ ಬಗೆಯವು. ‘ಇದು ಹಮಾಸ್‌ಗೆ ಕೊಟ್ಟ ಬಹುಮಾನ’ ಎನ್ನುವವು ಕೆಲವು. ‘ಬ್ರಿಟಿಷರಿಗೆ ಈಗ ಬುದ್ಧಿ ಬಂತು, ನಾವು 1988ರಲ್ಲೇ ಮಾನ್ಯತೆ ಕೊಟ್ಟಿದ್ದೆವು’ ಎಂದು ಎದೆ ತಟ್ಟಿಕೊಳ್ಳುವವು ಹಲವು.

ಮೊದಲನೆಯ ಬಗೆಯವರಿಗೆ ಹೇಳಬೇಕಾದುದು ಹೆಚ್ಚೇನಿಲ್ಲ. 2023ರ ಅಕ್ಟೋಬರ್ 7ರಂದು, ಗಾಜಾವನ್ನು ಆಳುತ್ತಿದ್ದ ಸಶಸ್ತ್ರ ಸಂಘಟನೆ ಹಮಾಸ್ ಇಸ್ರೇಲಿಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು 251 ಮಂದಿಯನ್ನು ಒತ್ತೆಯಾಳಾಗಿ ಎಳೆದೊಯ್ದದ್ದು ಘೋರ ಅಪರಾಧ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಈ ಮಾನ್ಯತೆಗಳಿಗೆ ದಾರಿ ಮಾಡಿದ ನ್ಯೂಯಾರ್ಕ್ ಘೋಷಣೆಯು ಆ ದಾಳಿಯನ್ನು ಖಂಡಿಸಿದೆ, ಹಮಾಸ್ ಶಸ್ತ್ರ ಕೆಳಗಿಡಬೇಕು, ಗಾಜಾದ ಆಡಳಿತ ಬಿಟ್ಟುಕೊಡಬೇಕು ಎಂದೂ ಹೇಳಿದೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 142 ದೇಶಗಳು ಅದರ ಪರವಾಗಿ ನಿಂತವು, ಭಾರತವೂ ಅವುಗಳಲ್ಲಿ ಒಂದು. ಇಸ್ರೇಲಿನ ಪಕ್ಕದಲ್ಲಿ ಶಾಂತಿಯಿಂದ ಬದುಕುವ ಒಂದು ರಾಷ್ಟ್ರ ಹಮಾಸ್ ಬೇಡಿದ ವರವೇನೂ ಅಲ್ಲ.

ನನ್ನ ತಕರಾರು ಇರುವುದು ಎದೆ ತಟ್ಟಿಕೊಳ್ಳುವವರ ಜೊತೆ.

ನಾನು ಕಂದಾಯ ಇಲಾಖೆಯ ಭೂದಾಖಲೆಗಳ ನಡುವೆ ತಲೆ ನರೆಸಿಕೊಂಡು ನಿವೃತ್ತನಾದವನು. ವಿದೇಶಾಂಗ ನೀತಿಯ ಪಂಡಿತನಲ್ಲ. ಆದರೆ ನನ್ನ ಕಸುಬು ಒಂದು ವಿಷಯವನ್ನು ಚೆನ್ನಾಗಿ ಕಲಿಸಿದೆ. ಖಾತೆ ಯಾರ ಹೆಸರಿನಲ್ಲಿದೆ ಎಂಬುದು ಒಂದು ಪ್ರಶ್ನೆ, ಜಮೀನು ಯಾರ ಸ್ವಾಧೀನದಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ. ಖಾತೆ ಬದಲಾವಣೆಯ ಆದೇಶ ಕೈಗೆ ಬಂತೆಂದು ಸಿಹಿ ಹಂಚಿ ಹೊಲಕ್ಕೆ ಹೋದರೆ ಅಲ್ಲಿ ಇನ್ನೊಬ್ಬನ ನೇಗಿಲು ನಡೆಯುತ್ತಿರುತ್ತದೆ. ಆಮೇಲೆ ಆ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಯನ್ನು ಹುಡುಕಿದರೆ, ‘ನನ್ನ ಕೆಲಸ ಮುಗಿಯಿತಲ್ಲ’ ಎನ್ನುತ್ತಾನೆ. ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳಲ್ಲಿ ನೂರೈವತ್ತಕ್ಕೂ ಹೆಚ್ಚು ರಾಷ್ಟ್ರಗಳು ಈಗ ಹೀಗೆ ಸಹಿ ಹಾಕಿವೆ. ಭಾರತ ಸಹಿ ಹಾಕಿದ್ದು 1988ರ ನವೆಂಬರ್‌ನಲ್ಲಿ, ಅಲ್ಜೀರ್ಸ್‌ನಲ್ಲಿ ಪ್ಯಾಲೆಸ್ಟೀನಿನ ಸ್ವಾತಂತ್ರ್ಯ ಘೋಷಣೆಯಾಗಿ ಮೂರೇ ದಿನಕ್ಕೆ. 1967ರಲ್ಲಿ ಆಕ್ರಮಿಸಿಕೊಂಡ ನೆಲದಲ್ಲಿ ಇಸ್ರೇಲ್ ತನ್ನ ಜನರನ್ನು ನೆಲೆಗೊಳಿಸಿದ, ಆಗ ಇಲ್ಲದಿದ್ದ ಎಷ್ಟೋ ವಸಾಹತುಗಳು ಈಗ ಊರುಗಳಾಗಿವೆ, ಕೆಲವು ಪಟ್ಟಣಗಳೇ ಆಗಿವೆ. ಜೋರ್ಡಾನ್ ನದಿಯ ಪಶ್ಚಿಮಕ್ಕಿರುವ ವೆಸ್ಟ್ ಬ್ಯಾಂಕ್ ಮತ್ತು ಪೂರ್ವ ಜೆರುಸಲೇಂನಲ್ಲಿ ನೆಲೆಸಿರುವ ಇಸ್ರೇಲಿ ವಸಾಹತುಗಾರರ ಸಂಖ್ಯೆ ಏಳು ಲಕ್ಷ ದಾಟಿದೆ. ಮೊದಲು ಸಹಿ ಹಾಕಿದವರು ನಾವು ಎನ್ನುವುದಾದರೆ, ಇಷ್ಟು ಕಾಲ ಸ್ವಾಧೀನದ ಮಾತೆತ್ತದೆ ಕುಳಿತವರಲ್ಲೂ ನಾವೇ ಹಿರಿಯರು.

ಒಂದು ಸರ್ಕಾರ ನಿಜಕ್ಕೂ ಸರ್ಕಾರವೋ ಅಲ್ಲವೋ ಎಂದು ತಿಳಿಯಲು ಅದರ ಧ್ವಜ, ರಾಷ್ಟ್ರಗೀತೆ, ರಾಯಭಾರ ಕಚೇರಿಯ ಫಲಕ ನೋಡಿ ಪ್ರಯೋಜನವಿಲ್ಲ. ನೆಲದ ಲೆಕ್ಕ ಯಾರು ಬರೆಯುತ್ತಾರೆ, ಜನರ ಲೆಕ್ಕ ಯಾರು ಬರೆಯುತ್ತಾರೆ, ತೆರಿಗೆ ಯಾರ ಖಜಾನೆಗೆ ಬೀಳುತ್ತದೆ ಎಂದು ನೋಡಬೇಕು. ಪ್ಯಾಲೆಸ್ಟೀನಿನಲ್ಲಿ ಈ ಪುಸ್ತಕಗಳ ಕೀಲಿಕೈ ಪ್ಯಾಲೆಸ್ಟೀನಿಯರ ಬಳಿ ಇಲ್ಲ.

ನೆಲದ ಪುಸ್ತಕದಿಂದ ಶುರು ಮಾಡುತ್ತೇನೆ, ಅದು ನನ್ನ ಹಳೆಯ ಚಾಳಿ. ಆಗ ಪ್ಯಾಲೆಸ್ಟೀನನ್ನು ಆಳುತ್ತಿದ್ದ ತುರ್ಕರ ಒಟ್ಟೋಮನ್ ಸಾಮ್ರಾಜ್ಯ 1858ರಲ್ಲಿ ಭೂ ಸಂಹಿತೆಯೊಂದನ್ನು ತಂದಿತು. ಅದರ ಪ್ರಕಾರ ‘ಮಿರಿ’ ಎಂಬ ವರ್ಗದ ಜಮೀನಿನಲ್ಲಿ ರೈತನಿಗೆ ಸಾಗುವಳಿಯ ಹಕ್ಕು ಇತ್ತು. ಸಕಾರಣವಿಲ್ಲದೆ ಮೂರು ವರ್ಷ ಬೀಳು ಬಿಟ್ಟರೆ ಆ ಹಕ್ಕು ತಪ್ಪಿ ಹೋಗಬಹುದಿತ್ತು. ತೆರಿಗೆಗೆ, ಸೈನ್ಯದ ಭರ್ತಿಗೆ ಹೆದರಿದ ರೈತರು ವಿಸ್ತೀರ್ಣ ಕಡಿಮೆ ಬರೆಸಿದರು, ಕೆಲವರು ಬರೆಸಲೇ ಇಲ್ಲ. ಇದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ, ಲೋಕದ ಎಲ್ಲ ರೈತರೂ ಮಾಡುವುದು ಅದನ್ನೇ. ಬಳಿಕ ಬಂದ ಬ್ರಿಟಿಷರು 1920ರಲ್ಲಿ ಸರ್ವೆ ಇಲಾಖೆ ತೆರೆದರು, 1928ರಲ್ಲಿ ಹಕ್ಕು ಇತ್ಯರ್ಥದ ಕಾನೂನು ಮಾಡಿ ಊರೂರಿಗೂ ಹೋಗಿ ಹಕ್ಕುದಾರರನ್ನು ದಾಖಲಿಸತೊಡಗಿದರು. 1948ರ ನಂತರ ವೆಸ್ಟ್ ಬ್ಯಾಂಕಿನಲ್ಲಿ ಜೋರ್ಡಾನ್ ಆ ಕೆಲಸ ಮುಂದುವರಿಸಿತು. 1967ರ ಯುದ್ಧದಲ್ಲಿ ಇಸ್ರೇಲ್ ಆ ಪ್ರದೇಶವನ್ನು ವಶಪಡಿಸಿಕೊಳ್ಳುವ ಹೊತ್ತಿಗೆ ಮೂರರಲ್ಲಿ ಒಂದು ಪಾಲಿನಷ್ಟು ನೆಲದ ಹಕ್ಕು ಮಾತ್ರ ಇತ್ಯರ್ಥವಾಗಿತ್ತು. ಮರುವರ್ಷ ಸೇನಾ ಆದೇಶವೊಂದು ಉಳಿದ ಕೆಲಸವನ್ನು ನಿಲ್ಲಿಸಿಬಿಟ್ಟಿತು.

ನಿಲ್ಲಿಸಿದ್ದರಿಂದ ಏನಾಯಿತು ಎನ್ನುವುದು ಕಡತ ನೋಡುವವರಿಗಷ್ಟೇ ಹೊಳೆಯುವ ಸಂಗತಿ. 1979ರಲ್ಲಿ ಎಲೋನ್ ಮೊರೆ ಪ್ರಕರಣದಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ, ಸೇನೆಯ ಅಗತ್ಯದ ನೆಪದಲ್ಲಿ ಖಾಸಗಿ ಜಮೀನು ವಶಪಡಿಸಿಕೊಂಡು ವಸಾಹತು ಕಟ್ಟುವುದನ್ನು ತಡೆಯಿತು. ಒಳ್ಳೆಯ ತೀರ್ಪು. ಆದರೆ ಸರ್ಕಾರ ಬೇರೆ ಬಾಗಿಲು ಹುಡುಕಿಕೊಂಡಿತು. ಎಂದೋ ಮುಳುಗಿಹೋದ ಒಟ್ಟೋಮನ್ ಸಾಮ್ರಾಜ್ಯದ ಆ ಸಂಹಿತೆಯನ್ನೇ ಧೂಳು ಕೊಡವಿ ತೆಗೆದು, ನೋಂದಣಿ ಇಲ್ಲ, ಸಾಗುವಳಿ ಕಾಣಿಸುವುದಿಲ್ಲ, ಆದ್ದರಿಂದ ಇದು ಸರ್ಕಾರಿ ಜಮೀನು ಎಂದು ಷರಾ ಬರೆಯುತ್ತಾ ಹೋಯಿತು. ಲಕ್ಷಾಂತರ ದುನಮ್ ನೆಲ ಹೀಗೆ ಕೈ ಬದಲಾಯಿತು. ಒಂದು ದುನಮ್ ಎಂದರೆ ಸಾವಿರ ಚದರ ಮೀಟರ್, ಹತ್ತಿರ ಹತ್ತಿರ ಹತ್ತು ಗುಂಟೆ. ನೋಂದಣಿ ಮಾಡಿಸಿಕೊಳ್ಳುವ ದಾರಿಯನ್ನೇ ಮುಚ್ಚಿ, ನೋಂದಣಿ ಇಲ್ಲವೆಂದು ಜಮೀನು ಕಿತ್ತುಕೊಳ್ಳುವ ಇಂಥ ಚಾತುರ್ಯವನ್ನು ನನ್ನ ಸೇವಾವಧಿಯಲ್ಲಿ ಕೆಲವು ಸಣ್ಣ ಕುಳಗಳಲ್ಲಿ ಕಂಡಿದ್ದೇನೆ. ಒಂದು ಸರ್ಕಾರವೇ ಇಷ್ಟು ವಿಶಾಲವಾಗಿ ಮಾಡಿದ್ದನ್ನು ಕಂಡಿರಲಿಲ್ಲ.

ಈಗ ಆ ಬಾಗಿಲನ್ನು ತೆರೆಯುತ್ತಿದ್ದಾರೆ, ಆದರೆ ಒಳಗಿನಿಂದ. 1990ರ ದಶಕದಲ್ಲಿ ಇಸ್ರೇಲಿಗೂ ಪ್ಯಾಲೆಸ್ಟೀನಿಯರಿಗೂ ಆದ ಓಸ್ಲೋ ಒಪ್ಪಂದದಡಿ ಸಂಪೂರ್ಣ ಇಸ್ರೇಲಿ ನಿಯಂತ್ರಣದಲ್ಲಿ ಉಳಿದ ‘ಸಿ’ ವಲಯ ವೆಸ್ಟ್ ಬ್ಯಾಂಕಿನ ಸುಮಾರು ಶೇ 60 ಭಾಗ. ಅಲ್ಲಿ ಹಕ್ಕು ಇತ್ಯರ್ಥವನ್ನು ತಾನೇ ಮತ್ತೆ ಆರಂಭಿಸುವುದಾಗಿ ಇಸ್ರೇಲಿನ ಭದ್ರತಾ ಸಂಪುಟ 2025ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ವೆಸ್ಟ್ ಬ್ಯಾಂಕಿನ ಕೆಲವು ಭಾಗಗಳಲ್ಲಿ ಸೀಮಿತ ಆಡಳಿತ ನಡೆಸುವ ಪ್ಯಾಲೆಸ್ಟೀನ್ ಪ್ರಾಧಿಕಾರ ಅಲ್ಲಿ ಮಾಡುವ ಯಾವ ನೋಂದಣಿಗೂ ಬೆಲೆ ಇಲ್ಲವಂತೆ. ಇತ್ಯರ್ಥವೆಂದರೆ ಅಂತಿಮ, ಅದು ಈ ಪ್ರಕ್ರಿಯೆಯ ಸ್ವಭಾವ. ಅಜ್ಜನ ಕಾಲದ ಕಾಗದವಿಲ್ಲದವನು, ಅಮ್ಮಾನಿನಲ್ಲೋ ಚಿಲಿಯಲ್ಲೋ ಇರುವ ವಾರಸುದಾರನು ತಕರಾರು ಸಲ್ಲಿಸಲಾಗದೆ ಹೋದರೆ ಆ ನೆಲ ಕಾಯಂ ಆಗಿ ಹೋಯಿತು. ನನ್ನ ಕೇಳಿದರೆ, ಬಾಂಬುಗಳಷ್ಟು ಸದ್ದು ಮಾಡದ ಈ ತೀರ್ಮಾನ ಪ್ಯಾಲೆಸ್ಟೀನ್ ರಾಷ್ಟ್ರದ ಭವಿಷ್ಯಕ್ಕೆ ತುಂಬಾ ಅಪಾಯಕಾರಿ. ನಮ್ಮ ಪತ್ರಿಕೆಗಳಲ್ಲಿ ಇದರ ಬಗ್ಗೆ ಒಂದು ಪೂರ್ಣ ಸುದ್ದಿಯನ್ನೂ ನಾನು ನೋಡಲಿಲ್ಲ, ನಿಮ್ಮ ಪತ್ರಿಕೆಯನ್ನೂ ಸೇರಿಸಿ ಹೇಳುತ್ತಿದ್ದೇನೆ.

ಜನರ ಪುಸ್ತಕದ ಕತೆ ಚಿಕ್ಕದು. 1967ರ ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಇಸ್ರೇಲ್ ಒಂದು ಜನಗಣತಿ ಮಾಡಿತು. ಅಂದು ಊರಿನಲ್ಲಿ ಇಲ್ಲದವರು, ಓದಲು ಹೋದವರು, ದುಡಿಯಲು ಹೋದವರು, ಯುದ್ಧಕ್ಕೆ ಹೆದರಿ ನದಿ ದಾಟಿದವರು, ಆ ಪಟ್ಟಿಯಲ್ಲಿ ಸೇರಲಿಲ್ಲ, ವಾಸದ ಹಕ್ಕು ಕಳೆದುಕೊಂಡರು. ಇಂದಿಗೂ ವೆಸ್ಟ್ ಬ್ಯಾಂಕಿನ ರಮಲ್ಲಾದಲ್ಲಿ ಹುಟ್ಟಿದ ಮಗುವಿನ ಗುರುತಿನ ಸಂಖ್ಯೆ ಜನಸಂಖ್ಯಾ ನೋಂದಣಿಯ ಇಸ್ರೇಲಿ ಪ್ರತಿಯಲ್ಲಿ ಏರದಿದ್ದರೆ ಅದು ಮುಂದೆ ಗಡಿ ದಾಟಲು ಕೆಲಸಕ್ಕೆ ಬರುವುದಿಲ್ಲ. ಗಾಜಾದಿಂದ ವೆಸ್ಟ್ ಬ್ಯಾಂಕಿಗೆ ವಿಳಾಸ ಬದಲಿಸಿಕೊಳ್ಳಲೂ ಅವರ ಅನುಮತಿ ಬೇಕು. 2000ನೇ ಇಸವಿಯ ನಂತರ ಅದು ಸಿಗುವುದು ಬಹುತೇಕ ನಿಂತೇಹೋಗಿದೆ. ಲಂಡನ್ನಿನಲ್ಲಿ, ಪ್ಯಾರಿಸ್ಸಿನಲ್ಲಿ ಮಾನ್ಯತೆ ಪಡೆದ ರಾಷ್ಟ್ರದ ಪ್ರಜೆ ಜೋರ್ಡಾನ್ ಗಡಿಯ ಅಲೆನ್‌ಬಿ ಸೇತುವೆಯ ಬಳಿ ಇಸ್ರೇಲಿ ಸಿಪಾಯಿಯ ಗಣಕಯಂತ್ರದ ಮುಂದೆ ನಿಲ್ಲಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಇನ್ನು ತೆರಿಗೆ. 1994ರ ಪ್ಯಾರಿಸ್ ಒಡಂಬಡಿಕೆಯ ಪ್ರಕಾರ ಪ್ಯಾಲೆಸ್ಟೀನಿಗೆ ಬರುವ ಸರಕಿನ ಮೇಲಿನ ಸುಂಕ ಮತ್ತು ಮೌಲ್ಯವರ್ಧಿತ ತೆರಿಗೆಯನ್ನು ಇಸ್ರೇಲ್ ವಸೂಲಿ ಮಾಡಿ, ಶೇ 3 ವಸೂಲಿ ಖರ್ಚು ಹಿಡಿದುಕೊಂಡು, ಉಳಿದದ್ದನ್ನು ಪ್ರತಿ ತಿಂಗಳು ಪ್ರಾಧಿಕಾರಕ್ಕೆ ಕೊಡಬೇಕು. ಪ್ರಾಧಿಕಾರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಹಣ. ಹಿಂದೆ ಹಲವು ನೆಪಗಳಲ್ಲಿ ಕಡಿತವಾಗುತ್ತಿತ್ತು. 2025ರ ಮೇ ತಿಂಗಳಿಂದ ಪಾವತಿಯೇ ನಿಂತುಹೋಯಿತು. ಅಲ್ಲಿನ ಶಿಕ್ಷಕರಿಗೆ, ದಾದಿಯರಿಗೆ, ನನ್ನಂತಹ ಗುಮಾಸ್ತರಿಗೆ 2021ರ ಕೊನೆಯಿಂದಲೇ ಪೂರ್ತಿ ಸಂಬಳವಿಲ್ಲ. ಸ್ವಂತ ನಾಣ್ಯವಿಲ್ಲದ ಅವರು ಇಸ್ರೇಲಿನ ಶೆಕೆಲ್ ಬಳಸುತ್ತಾರೆ. ಅವರ ಬ್ಯಾಂಕುಗಳು ಹೊರಜಗತ್ತಿನೊಂದಿಗೆ ವ್ಯವಹರಿಸಬೇಕಾದರೆ ಇಸ್ರೇಲಿನ ಬ್ಯಾಂಕುಗಳ ಮೂಲಕವೇ ಹೋಗಬೇಕು. ಆ ಬ್ಯಾಂಕುಗಳಿಗೆ ರಕ್ಷಣೆ ಕೊಡುವ ಪತ್ರಕ್ಕೆ ಇಸ್ರೇಲಿನ ಹಣಕಾಸು ಸಚಿವರು ಸಹಿ ಹಾಕಬೇಕು.

ಆ ಹಣಕಾಸು ಸಚಿವರ ಹೆಸರು ಬೆಜಲೆಲ್ ಸ್ಮೊಟ್ರಿಚ್. ತೆರಿಗೆಯ ಹಣ ತಡೆಹಿಡಿದವರು ಇವರೇ. ಜೆರುಸಲೇಂ ಮತ್ತು ಮಾಲೆ ಅದುಮಿಂ ವಸಾಹತಿನ ನಡುವಿನ ಇ-1 ಎಂಬ ಜಾಗದಲ್ಲಿ ಸುಮಾರು 3,400 ಮನೆ ಕಟ್ಟುವ ಯೋಜನೆಯನ್ನು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿ, ಪ್ಯಾಲೆಸ್ಟೀನ್ ರಾಷ್ಟ್ರದ ಕಲ್ಪನೆಯನ್ನೇ ಇದು ಹೂಳುತ್ತದೆ ಎಂಬರ್ಥದ ಮಾತನ್ನು ಬಹಿರಂಗವಾಗಿ ಹೇಳಿದವರೂ ಇವರೇ. ಇ-1ರಲ್ಲಿ ಮನೆಗಳೆದ್ದರೆ ವೆಸ್ಟ್ ಬ್ಯಾಂಕಿನ ಉತ್ತರಕ್ಕೂ ದಕ್ಷಿಣಕ್ಕೂ ನಡುವೆ ಅಡ್ಡಗೋಡೆ ಬಿದ್ದಂತೆ, ಪೂರ್ವ ಜೆರುಸಲೇಂ ಎರಡರಿಂದಲೂ ಕಡಿದುಹೋದಂತೆ. ಆ ವರ್ಷದ ಜೂನ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ನಾರ್ವೆ ಇವರ ಮೇಲೆ ನಿರ್ಬಂಧ ಹೇರಿದವು. ನಾವೇನು ಮಾಡಿದೆವು? ಸೆಪ್ಟೆಂಬರ್ 8ರಂದು ಇದೇ ಮಹಾಶಯರನ್ನು ದೆಹಲಿಗೆ ಬರಮಾಡಿಕೊಂಡು ದ್ವಿಪಕ್ಷೀಯ ಹೂಡಿಕೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡೆವು. ಅದಾಗಿ ನಾಲ್ಕೇ ದಿನಕ್ಕೆ ವಿಶ್ವಸಂಸ್ಥೆಯಲ್ಲಿ ನ್ಯೂಯಾರ್ಕ್ ಘೋಷಣೆಯ ಪರ ಮತ ಹಾಕಿದೆವು.

ಇಸ್ರೇಲಿನ ಜೊತೆ ವ್ಯವಹಾರವೇ ಬೇಡ ಎಂದು ನಾನು ಹೇಳುತ್ತಿಲ್ಲ. 1950ರಲ್ಲೇ ಅದನ್ನು ಗುರುತಿಸಿದ, 1992ರಿಂದ ಪೂರ್ಣ ಸಂಬಂಧ ಹೊಂದಿರುವ ದೇಶ ನಮ್ಮದು. ಆ ದೇಶದ ಜನರಿಗೆ ನೆಮ್ಮದಿಯಾಗಿ ಬದುಕುವ ಹಕ್ಕಿದೆ. ಆದರೆ ಯಾವ ನೆಲದಲ್ಲಿ ಹೂಡಿದ ಹಣ, ಯಾವ ನೆಲದಲ್ಲಿ ಬೆಳೆದ ಸರಕು ಎಂದು ಕೇಳುವುದಕ್ಕೆ ಏನಡ್ಡಿ? 2016ರ ಡಿಸೆಂಬರ್‌ನಲ್ಲಿ ಭದ್ರತಾ ಮಂಡಳಿಯ 2334ನೇ ನಿರ್ಣಯ ಎಲ್ಲ ದೇಶಗಳಿಗೂ ಇದನ್ನೇ ಹೇಳಿದೆ, ನಿಮ್ಮ ವ್ಯವಹಾರಗಳಲ್ಲಿ ಇಸ್ರೇಲನ್ನೂ 1967ರಲ್ಲಿ ಆಕ್ರಮಿಸಿಕೊಂಡ ಪ್ರದೇಶವನ್ನೂ ಬೇರೆ ಬೇರೆಯಾಗಿ ಕಾಣಿರಿ ಎಂದು. 2024ರ ಜುಲೈ 19ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಕ್ರಮಿತ ಪ್ರದೇಶದಲ್ಲಿ ಇಸ್ರೇಲಿನ ಇರುವಿಕೆಯೇ ಕಾನೂನುಬಾಹಿರ, ಅದು ಮುಂದುವರಿಯಲು ಯಾವ ದೇಶವೂ ನೆರವಾಗಬಾರದು ಎಂದು ಅಭಿಪ್ರಾಯ ಕೊಟ್ಟಿತು. ಎರಡು ತಿಂಗಳ ಬಳಿಕ ಆ ಅಭಿಪ್ರಾಯವನ್ನು ಜಾರಿಗೆ ತರುವ ನಿರ್ಣಯ ಸಾಮಾನ್ಯ ಸಭೆಗೆ ಬಂದಾಗ 124 ದೇಶಗಳು ಪರವಾಗಿ ಕೈ ಎತ್ತಿದವು. ಭಾರತ ಮತದಾನದಿಂದ ದೂರ ಉಳಿಯಿತು, ಬ್ರಿಟನ್ ಕೂಡ. ಖಾತೆ ನಿಮ್ಮದೇ ಎಂದು ಬರೆದುಕೊಟ್ಟು, ಸ್ವಾಧೀನದ ಪ್ರಶ್ನೆ ಬಂದಾಗ ಸಭೆಯಲ್ಲಿ ಕಣ್ಣು ತಗ್ಗಿಸಿ ಕೂರುವುದು ಯಾವ ನ್ಯಾಯ?

ಬ್ರಿಟನ್ನಿನ ಹೊಣೆ ನಮಗಿಂತ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಆಗಲು ಬೆಂಬಲವಿದೆ ಎಂದ 1917ರ ಬಾಲ್ಫೋರ್ ಘೋಷಣೆ ಅವರದು, 1948ರ ಮೇ ತನಕದ ಆಡಳಿತ ಅವರದು. ಈ ಕಡತದ ಆರಂಭದ ಪುಟಗಳಲ್ಲಿ ನಮ್ಮವರ ಹೆಸರೂ ಇದೆ ಎಂಬುದನ್ನು ಮರೆಯಬೇಡಿ: 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರಿಂದ ಗೆದ್ದು ಬ್ರಿಟಿಷರ ಕೈಗಿತ್ತವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಅಶ್ವದಳದವರೂ ಇದ್ದರು. 1947ರಲ್ಲಿ ಪ್ಯಾಲೆಸ್ಟೀನ್ ಕುರಿತ ವಿಶ್ವಸಂಸ್ಥೆಯ ವಿಶೇಷ ಸಮಿತಿಯಲ್ಲಿ ಭಾರತ ಸದಸ್ಯನಾಗಿತ್ತು, ಇರಾನ್ ಮತ್ತು ಯುಗೊಸ್ಲಾವಿಯಾ ಜೊತೆ ಸೇರಿ ವಿಭಜನೆ ಬೇಡ, ಒಕ್ಕೂಟ ಇರಲಿ ಎಂದು ಹೇಳಿತ್ತು. ‘ಗಡಿಯೇ ನಿಶ್ಚಯವಾಗದ ದೇಶಕ್ಕೆ ಮಾನ್ಯತೆ ಹೇಗೆ’ ಎಂದು ಕೇಳಿದ ಒಬ್ಬ ಓದುಗರಿಗೆ ನೆನಪಿಸುತ್ತೇನೆ: ನಮಗೆ ಸ್ವಾತಂತ್ರ್ಯ ಬಂದ ಎರಡು ದಿನದ ನಂತರವಷ್ಟೇ ರ‍್ಯಾಡ್‌ಕ್ಲಿಫ್ ಎಳೆದ ಗಡಿ ಪ್ರಕಟವಾದದ್ದು. ಇಸ್ರೇಲ್ 1949ರಲ್ಲಿ ವಿಶ್ವಸಂಸ್ಥೆ ಸೇರಿದಾಗ ಅದರ ಗಡಿಯೂ ಇತ್ಯರ್ಥವಾಗಿರಲಿಲ್ಲ.

ಬ್ರಿಟನ್ ಈಗ ಮಾಡಬೇಕಾದದ್ದು ಸರಳ. ಇಸ್ರೇಲಿನಿಂದ ಬರುವ ಸರಕಿನ ದಾಖಲೆಯಲ್ಲಿ ತಯಾರಾದ ಊರಿನ ಅಂಚೆ ಸಂಖ್ಯೆ ಇರಬೇಕೆಂದು ಯುರೋಪಿನ ಸುಂಕದ ಅಧಿಕಾರಿಗಳು 2005ರಿಂದಲೇ ಕೇಳುತ್ತಾ ಬಂದಿದ್ದಾರೆ. ಆ ಸಂಖ್ಯೆ ವಸಾಹತಿನದಾದರೆ ಸುಂಕದ ರಿಯಾಯಿತಿ ಇಲ್ಲ. ಆದರೆ ಸರಕು ಮಾತ್ರ ಒಳಗೆ ಬರುತ್ತದೆ! ಕದ್ದ ಮಾಲು ಎಂದು ಗೊತ್ತಿದ್ದೂ ರಿಯಾಯಿತಿ ಕೊಡದೆ ಪೂರ್ಣ ಬೆಲೆಗೆ ಕೊಳ್ಳುವುದು ಎಂಥ ನೀತಿಯೋ ನನಗರಿಯದು. ಸ್ಲೊವೇನಿಯಾ ಎಂಬ ಪುಟ್ಟ ದೇಶ 2025ರ ಆಗಸ್ಟ್‌ನಲ್ಲಿ ವಸಾಹತಿನ ಸರಕಿನ ಆಮದನ್ನೇ ನಿಷೇಧಿಸಿತು, ಮುಂದಿನ ತಿಂಗಳು ಸ್ಪೇನ್ ಕೂಡ. ಅಂಚೆ ಸಂಖ್ಯೆಗಳ ಪಟ್ಟಿ ಲಂಡನ್ನಿನಲ್ಲಿ ಸಿದ್ಧವಾಗಿಯೇ ಇದೆ, ಬೇಕಿರುವುದು ಒಂದು ಆದೇಶ.

ಇನ್ನೊಂದು ಕೆಲಸ ಯಾರೂ ಕೇಳುತ್ತಿಲ್ಲ, ಆದ್ದರಿಂದ ನಾನು ಕೇಳುತ್ತೇನೆ. ಬ್ರಿಟಿಷರು ಹೊರಡುವ ಮುನ್ನ ಪ್ಯಾಲೆಸ್ಟೀನಿನ ಭೂ ನೋಂದಣಿ ಪುಸ್ತಕಗಳನ್ನು ಮೈಕ್ರೋಫಿಲ್ಮ್ ಮಾಡಿಸಿದ್ದರು. ನಿರಾಶ್ರಿತರ ಆಸ್ತಿಯ ಲೆಕ್ಕ ತೆಗೆಯಲು ವಿಶ್ವಸಂಸ್ಥೆಯ ಸಂಧಾನ ಆಯೋಗ ಆ ದಾಖಲೆಗಳನ್ನು ಆಧರಿಸಿ, ತುಂಡು ತುಂಡು ಜಮೀನಿಗೂ ಒಂದೊಂದು ನಮೂನೆ ತುಂಬಿ, 1964ರ ಹೊತ್ತಿಗೆ ನಾಲ್ಕೂವರೆ ಲಕ್ಷದಷ್ಟು ನಮೂನೆಗಳನ್ನು ಸಿದ್ಧಪಡಿಸಿತು. ಮಾಲೀಕನ ಹೆಸರು, ಊರು, ವಿಸ್ತೀರ್ಣ ಎಲ್ಲ ಇರುವ ಆ ನಮೂನೆಗಳು ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ವಶದಲ್ಲಿವೆ. ಹೊರಟುಹೋದ ಜನರ ಹೊಲಗಳನ್ನು ಹೆಸರು ಹಿಡಿದು ಬರೆದಿಟ್ಟ ಆ ಗುಮಾಸ್ತರಿಗೆ ನನ್ನ ನಮಸ್ಕಾರ. ಪ್ಯಾಲೆಸ್ಟೀನನ್ನು ರಾಷ್ಟ್ರವೆಂದು ಒಪ್ಪಿದ ದೇಶಗಳು ಅದರ ಭೂದಾಖಲೆ ಇಲಾಖೆಯನ್ನು ಕಟ್ಟಲು ಈ ಪ್ರತಿಗಳಿಂದಲೇ ಆರಂಭಿಸಬಹುದು. ಕೋಟ್ಯಂತರ ಪಹಣಿಗಳನ್ನು ಗಣಕೀಕರಿಸಿದ ಅನುಭವ ನಮ್ಮ ದೇಶಕ್ಕಿದೆ. ರಮಲ್ಲಾದಲ್ಲಿ ರಾಜತಾಂತ್ರಿಕರ ತರಬೇತಿ ಸಂಸ್ಥೆಗೆ ಭಾರತ ಹಣ ಕೊಟ್ಟಿದೆ, ಸಂತೋಷ. ಸರ್ವೆಯವರನ್ನೂ ದಾಖಲೆ ತಜ್ಞರನ್ನೂ ಕಳುಹಿಸಲಿ, ‘ಸಿ’ ವಲಯದ ರೈತ ತಕರಾರು ಸಲ್ಲಿಸಲು ಬೇಕಾದ ನಕ್ಷೆ, ವಂಶವೃಕ್ಷ, ಸಾಗುವಳಿಯ ಪುರಾವೆ ಜೋಡಿಸಲು ಅವರಿಗೆ ನೆರವಾಗಲಿ. ಒಂದು ವೈಮಾನಿಕ ಛಾಯಾಚಿತ್ರ, ಒಂದು ತೆರಿಗೆ ರಸೀದಿ ಎಂಥೆಂಥ ಮೊಕದ್ದಮೆಯನ್ನು ತಿರುಗಿಸಿದೆ ಎಂದು ಈ ಕಸುಬಿನವರಿಗೆ ಗೊತ್ತು.

ಗಾಜಾದ ಮಾತೇ ಬೇರೆ. 365 ಚದರ ಕಿಲೋಮೀಟರ್ ನೆಲ, ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ 2025ರ ಅಕ್ಟೋಬರ್ ಕದನವಿರಾಮದ ಹೊತ್ತಿಗೆ 67,000 ದಾಟಿದ ಸಾವು. ಅರ್ಧಕ್ಕಿಂತ ಹೆಚ್ಚು ನೆಲ ಕದನವಿರಾಮದ ನಂತರವೂ ಇಸ್ರೇಲಿ ಸೇನೆಯ ಹಿಡಿತದಲ್ಲಿತ್ತು. ನವೆಂಬರ್‌ನಲ್ಲಿ ಭದ್ರತಾ ಮಂಡಳಿ ಒಪ್ಪಿದ 2803ನೇ ನಿರ್ಣಯ ಅಲ್ಲಿಗೆ ‘ಶಾಂತಿ ಮಂಡಳಿ’ಯನ್ನೂ ಅಂತರರಾಷ್ಟ್ರೀಯ ಪಡೆಯನ್ನೂ ತರುತ್ತದೆ. ಪ್ಯಾಲೆಸ್ಟೀನ್ ರಾಷ್ಟ್ರದ ಬಗ್ಗೆ ಅದು ಹೇಳುವುದು, ಸುಧಾರಣೆಗಳಾದರೆ ಆ ಕಡೆಗೊಂದು ದಾರಿ ತೆರೆಯಬಹುದು ಎಂದಷ್ಟೇ. ಪುನರ್ನಿರ್ಮಾಣದ ಗುತ್ತಿಗೆಗಳ ಬಗ್ಗೆ ಈಗಲೇ ಉತ್ಸಾಹದ ಮಾತು ಕೇಳಿಬರುತ್ತಿದೆ. ನನ್ನದೊಂದೇ ಕೋರಿಕೆ. ಬುಲ್ಡೋಜರ್ ಇಳಿಯುವ ಮುನ್ನ ಅಳತೆಯ ಸರಪಳಿ ಹಿಡಿದವನು ಇಳಿಯಲಿ. ಮನೆಗಳ ಅವಶೇಷ ಎತ್ತಿದ ಮೇಲೆ ಯಾರ ನಿವೇಶನ ಎಲ್ಲಿಂದ ಎಲ್ಲಿಗೆ ಎಂದು ಹೇಳಲು ಗುರುತೇ ಉಳಿಯುವುದಿಲ್ಲ. ಅಲ್ಲಿನ ಜನರಲ್ಲಿ ಹತ್ತಕ್ಕೆ ಏಳು ಮಂದಿಯಷ್ಟು 1948ರಲ್ಲಿ ಒಮ್ಮೆ ನೆಲ ಕಳೆದುಕೊಂಡು ಬಂದವರ ಸಂತತಿ.

ಪ್ರಾಧಿಕಾರದವರಿಗೂ ಒಂದು ಮಾತು ಹೇಳದಿದ್ದರೆ ಪತ್ರ ಪಕ್ಷಪಾತವಾದೀತು. ಅಧ್ಯಕ್ಷ ಮಹಮೂದ್ ಅಬ್ಬಾಸ್ 2005ರಲ್ಲಿ ನಾಲ್ಕು ವರ್ಷಕ್ಕೆಂದು ಆಯ್ಕೆಯಾದವರು, ಇನ್ನೂ ಕುರ್ಚಿಯಲ್ಲಿದ್ದಾರೆ. ಸಂಸತ್ತಿನ ಕೊನೆಯ ಚುನಾವಣೆ ನಡೆದದ್ದು 2006ರಲ್ಲಿ. ಯುದ್ಧ ಮುಗಿದ ಒಂದು ವರ್ಷದೊಳಗೆ ಚುನಾವಣೆ ನಡೆಸುವುದಾಗಿ ಅವರು ಮಾತು ಕೊಟ್ಟಿದ್ದಾರೆ. ಅದನ್ನು ನಡೆಸಿಕೊಡಲಿ, ಪೂರ್ವ ಜೆರುಸಲೇಂನಲ್ಲೂ ಮತಗಟ್ಟೆ ಇಡಲು ಇಸ್ರೇಲ್ ಬಿಡಲಿ. ಮತದಾರರ ಪಟ್ಟಿ ಮಾಡುವುದು ಹೇಗೆಂದು ಕೇಳಿದರೆ ಅದರಲ್ಲೂ ನಮಗೆ ಸಾಕಷ್ಟು ಅನುಭವವಿದೆ.

ವಿಶ್ವಸಂಸ್ಥೆಯ ಪೂರ್ಣ ಸದಸ್ಯತ್ವದ ಬಗ್ಗೆ ಬರೆದು ಜಾಗ ವ್ಯರ್ಥ ಮಾಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಭದ್ರತಾ ಮಂಡಳಿಯ 15 ಸದಸ್ಯರಲ್ಲಿ 12 ಮಂದಿ ಹೌದೆಂದರು, ಅಮೆರಿಕ ಒಂದೇ ಬೇಡವೆಂದಿತು, ಅಲ್ಲಿಗೆ ಮುಗಿಯಿತು. ಆ ಬೀಗ ನಮ್ಮ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿರುವುದು ಸೆಪ್ಟೆಂಬರ್ 8ರ ಆ ಹೂಡಿಕೆ ಒಪ್ಪಂದ. ವೆಸ್ಟ್ ಬ್ಯಾಂಕ್ ಮತ್ತು ಪೂರ್ವ ಜೆರುಸಲೇಂನ ವಸಾಹತುಗಳಿಗೆ, ಅಲ್ಲಿ ನೆಲೆ ಮಾಡಿಕೊಂಡ ಕಂಪನಿಗಳಿಗೆ ಅದರ ರಕ್ಷಣೆ ಅನ್ವಯಿಸುವುದಿಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಸ್ಪಷ್ಟವಾಗಿ ಹೇಳಲಿ. ತಡೆಹಿಡಿದ ತೆರಿಗೆ ಹಣ ಪ್ರಾಧಿಕಾರಕ್ಕೆ ಸಲ್ಲಬೇಕೆಂದು ಇಸ್ರೇಲಿಗೆ ಬರೆದು ತಿಳಿಸಲಿ, ಬರೆದದ್ದನ್ನು ಪ್ರಕಟಿಸಲಿ. ನಮ್ಮ ರಾಜ್ಯದಿಂದ ಲೋಕಸಭೆಗೆ ಹೋದ 28 ಮಂದಿಯಲ್ಲಿ ಯಾರಾದರೊಬ್ಬರು ಮುಂದಿನ ಅಧಿವೇಶನದಲ್ಲಿ ಇದನ್ನು ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳುವುದಾದರೆ, ಮೇಲೆ ಹೇಳಿದ ದಿನಾಂಕ, ನಿರ್ಣಯ ಸಂಖ್ಯೆಗಳ ಟಿಪ್ಪಣಿಯನ್ನು ಅವರಿಗೆ ತಯಾರಿಸಿಕೊಡಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂದಾಖಲೆ ನೌಕರ